ಬೆಕ್ಕು ಕಾಲ ಮೇಲೆ ಬೀಳುತ್ತದೆ: ಅರ್ಧಕ್ಕೆ ನಿಲ್ಲಿಸಿದ ಒಂದು ಪಾಠ

ಅಭ್ಯಾಸ ಬೋಧನೆಗೆ ನನಗೆ ಸಿಂದಗಿಯ ಪ್ರೌಢಶಾಲೆಯೊಂದು ದೊರೆತಿತ್ತು. ನಮ್ಮ ತಂಡದ ಉಳಿದವರು ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಗೆ ಹಂಚಿಹೋಗಿದ್ದರು. ಒಂಬತ್ತನೆಯ ತರಗತಿ, ಭೌತವಿಜ್ಞಾನ, ಘಟಕ ‘ಗುರುತ್ವ’, ಉಪಘಟಕ ‘ಮುಕ್ತ ಪತನ’. ಪ್ರೇರಣೆಯ ಹಂತಕ್ಕೆ ಎಲ್ಲರೂ ಸೇಬು, ಕಲ್ಲು, ಗರಿ ಬಳಸುತ್ತಾರೆ. ನಾನು ಬೇರೆ ಏನಾದರೂ ಮಾಡಬೇಕೆಂದು ಬೆಕ್ಕನ್ನು ಆರಿಸಿಕೊಂಡೆ.

“ಬೆಕ್ಕು ಮಾಳಿಗೆ ಮ್ಯಾಲಿಂದ ಬಿದ್ರ ಏನಾಗ್ತದ?” ಎಂದು ಕೇಳಿದೆ.

“ಏನೂ ಆಗಂಗಿಲ್ರೀ ಸರ್, ಅದು ಕಾಲ ಮ್ಯಾಲೇ ಬೀಳ್ತದ” ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಹೇಳಿತು.

“ಸರಿಯಾಗಿ ಹೇಳಿದ್ರಿ” ಎಂದೆ. ಬೆಕ್ಕು ಗಾಳಿಯಲ್ಲಿ ಹೇಗೆ ಹೊರಳುತ್ತದೆ ಎಂಬುದನ್ನು ಎರಡು ನಿಮಿಷ ವಿವರಿಸಿ, ಕಪ್ಪುಹಲಗೆಗೆ ತಿರುಗಿ ಸೂತ್ರ ಬರೆದೆ. ವೀಕ್ಷಣೆಗೆ ಕುಳಿತಿದ್ದ ಸಹಪಾಠಿಗಳು ಪ್ರೇರಣೆಗೆ ಒಳ್ಳೆಯ ಅಂಕ ಕೊಟ್ಟರು.

ನಾಲ್ಕು ದಿನದ ಮೇಲೆ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಎರಡನೇ ಸಾಲಿನ ಹುಡುಗಿಯೊಬ್ಬಳು ಬಂದು ನಿಂತಳು. ಅವರದು ಎರಡನೇ ಅಂತಸ್ತಿನ ಬಾಡಿಗೆ ಮನೆ. ಶಿವರಾತ್ರಿ ಮುಗಿದು ಸೆಕೆ ಸುರುವಾಗಿತ್ತು, ಕಿಟಕಿ ತೆರೆದೇ ಇರುತ್ತಿತ್ತು. ಸಜ್ಜಾದ ಮೇಲೆ ಕೂತ ಪಾರಿವಾಳಕ್ಕೆ ಹಾರಿದ ಬೆಕ್ಕು ಕೆಳಗಿನ ಕಾಂಕ್ರೀಟಿಗೆ ಬಿತ್ತು. ಕಾಲ ಮೇಲೆಯೇ ಬಿತ್ತು. ಎದ್ದು ನಡೆದುಕೊಂಡೇ ಬಂದು ಮಂಚದ ಕೆಳಗೆ ಸೇರಿತು. ಅವಳ ತಂದೆ ದವಾಖಾನೆಗೆ ಒಯ್ಯೋಣ ಎಂದರಂತೆ. “ನಾನಽ ಬ್ಯಾಡ ಅಂದ್ಯಾರಿ. ಬೆಕ್ಕಿಗೆ ಏನೂ ಆಗಂಗಿಲ್ಲಂತ ಸಾಲ್ಯಾಗ ಸರ್ ಹೇಳ್ಯಾರ ಅಂದ್ಯಾ.” ಮರುದಿನ ಬೆಳಗ್ಗೆ ಅದು ಬಾಯಿ ತೆರೆದು ಉಸಿರಾಡುತ್ತಿತ್ತು. ಮಧ್ಯಾಹ್ನದೊಳಗೆ ಸತ್ತಿತು.

ಅವಳು ದೂರು ಹೇಳಲು ಬಂದಿರಲಿಲ್ಲ. ಪಾಠದಲ್ಲಿ ತಾನು ಏನನ್ನೋ ತಪ್ಪು ಕೇಳಿಸಿಕೊಂಡೆನೋ ಎಂದು ಕೇಳಲು ಬಂದಿದ್ದಳು. ನೀನು ತಪ್ಪು ಕೇಳಲಿಲ್ಲ, ನಾನು ತಪ್ಪು ಹೇಳಿದೆ ಎಂದೆ. ಮಾರ್ಗದರ್ಶಕ ಶಿಕ್ಷಕರಿಗೆ ನಡೆದದ್ದನ್ನು ತಿಳಿಸಿ, ಅದೇ ಉಪಘಟಕಕ್ಕೆ ಇನ್ನೊಂದು ಅವಧಿ ಬೇಡಿದೆ. ಆ ಎರಡನೇ ಪಾಠವನ್ನು ಇಲ್ಲಿ ಬರೆಯುತ್ತಿದ್ದೇನೆ. ಮೊದಲನೆಯದರ ಯೋಜನೆ ನನ್ನ ದಾಖಲೆ ಪುಸ್ತಕದಲ್ಲಿ ಅಂದವಾಗಿಯೇ ಇದೆ, ಅದು ಯಾರಿಗೂ ಬೇಡ.

ಪೂರ್ವಜ್ಞಾನದಿಂದಲೇ ಸುರುಮಾಡಿದೆ, ಏಕೆಂದರೆ ಮಕ್ಕಳ ನಂಬಿಕೆ ಸುಳ್ಳಲ್ಲ. ಮುದ್ದೇಬಿಹಾಳ ಕಡೆಯ ನಮ್ಮ ಹಳ್ಳಿಯ ಮನೆ ಮಣ್ಣಿನ ಮಾಳಿಗೆಯದು. ಮಾಳಿಗೆ ನೆಲದಿಂದ ಹತ್ತಡಿ, ಗೋಡೆಗೆ ಕಿಟಕಿ ಹೆಸರಿಗೆ ಮಾತ್ರ, ಬೆಳಕು ಬರುವುದು ಬೆಳಕಿಂಡಿಯಿಂದ. ಜೋಳದ ಚೀಲಕ್ಕೆ ಇಲಿ ಬೀಳದಿರಲೆಂದು ಸಾಕಿದ ಬೆಕ್ಕು ಅದೇ ಬೆಳಕಿಂಡಿಯಲ್ಲಿ ಇಳಿಯುತ್ತಿತ್ತು, ಮಾಳಿಗೆಯಿಂದ ಹಿತ್ತಲಿಗೆ ಜಿಗಿಯುತ್ತಿತ್ತು. ಕೆಳಗೆ ಇದ್ದದ್ದು ಸಡಿಲ ಮಣ್ಣು, ಇಲ್ಲವೇ ತಿಪ್ಪೆ. ನಮ್ಮ ಅಜ್ಜಿಯ ಮಾತು ಆ ಮನೆಗೆ ಸರಿಯಾಗಿತ್ತು. ಈಗ ನಮ್ಮ ತಾಲ್ಲೂಕು ಊರುಗಳಲ್ಲಿ ಮೂರು ಅಂತಸ್ತಿನ ಮನೆಗಳು ಎದ್ದಿವೆ, ಅಲ್ಯೂಮಿನಿಯಂ ಜಾರುಕಿಟಕಿ ಬಂದಿದೆ, ಕೆಳಗೆ ಕಾಂಕ್ರೀಟು. ಬೆಕ್ಕು ಮಾತ್ರ ಅದೇ.

ಆಮೇಲೆ ಲೆಕ್ಕ. ಗಾಳಿಯ ತಡೆಯನ್ನು ಬಿಟ್ಟು ಮಾಡಿಸಿದೆ. ವೇಗದ ವರ್ಗ ಎಂದರೆ ಗುರುತ್ವ ವೇಗೋತ್ಕರ್ಷದ ಎರಡರಷ್ಟನ್ನು ಎತ್ತರದಿಂದ ಗುಣಿಸಿದ್ದು. 3 ಮೀಟರ್ ಮಾಳಿಗೆಯಿಂದ ಬಿದ್ದರೆ ನೆಲ ತಾಗುವಾಗ ಸೆಕೆಂಡಿಗೆ ಸುಮಾರು 7.7 ಮೀಟರ್, ಅಂದರೆ ಗಂಟೆಗೆ 28 ಕಿಲೋಮೀಟರ್. 9 ಮೀಟರಿನಿಂದಾದರೆ ಗಂಟೆಗೆ 48 ಕಿಲೋಮೀಟರ್. ನಡುವಿನ 6 ಮೀಟರನ್ನು ಬಿಡಬೇಕೆಂದಿದ್ದೆ, ಅದು ಆ ಹುಡುಗಿಯ ಕಿಟಕಿಯ ಎತ್ತರ. ಅವಳೇ ಎದ್ದು ಬಂದು ಮಾಡಿದಳು: ಸಮಯ 1.1 ಸೆಕೆಂಡು, ವೇಗ ಗಂಟೆಗೆ 39 ಕಿಲೋಮೀಟರ್. “ಬೈಕ್ ಹೊಡದಂಗ ಆತಲ್ರೀ” ಎಂದ ಹಿಂದಿನ ಬೆಂಚಿನ ಹುಡುಗನೊಬ್ಬ. ನನ್ನ ಯಾವ ಉದಾಹರಣೆಗಿಂತಲೂ ಅದು ಸ್ಪಷ್ಟವಾಗಿತ್ತು.

ಎತ್ತರ ಮೂರು ಪಟ್ಟಾದರೆ ವೇಗ ಮೂರು ಪಟ್ಟಾಗುವುದಿಲ್ಲ, ಆದರೆ ಪೆಟ್ಟಿನ ಶಕ್ತಿ ಮೂರು ಪಟ್ಟಾಗುತ್ತದೆ. ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ನಿಲ್ಲುವುದಿಲ್ಲ. ಎರೆಮಣ್ಣನ್ನು ರೊಟ್ಟಿ ಹಿಟ್ಟಿನ ಹದಕ್ಕೆ ನಾದಿ ನಿಂಬೆಹಣ್ಣಿನಷ್ಟು ಉಂಡೆ ಕಟ್ಟಿದೆವು. ಒಂದನ್ನು ಬೆಂಚಿನೆತ್ತರದಿಂದ, ಇನ್ನೊಂದನ್ನು ಮೇಲಿನ ಪಡಸಾಲೆಯಿಂದ ಬಿಟ್ಟೆವು (ಪಡಸಾಲೆಯಲ್ಲಿ ಶಿಕ್ಷಕರೇ ನಿಲ್ಲಬೇಕು, ಮಕ್ಕಳನ್ನು ಕಟಾಂಜನದ ಹತ್ತಿರ ಬಿಡಕೂಡದು). ಮೂರನೆಯದನ್ನು ಅದೇ ಎತ್ತರದಿಂದ ಮರಳಿನ ಗುಡ್ಡೆಗೆ. ಚಪ್ಪಟೆಯಾದ ಉಂಡೆಗಳನ್ನು ಅಳತೆಪಟ್ಟಿಯಿಂದ ಅಳೆದರು. ಮರಳಿಗೆ ಬಿದ್ದದ್ದು ಹೆಚ್ಚು ಕೆಟ್ಟಿರಲಿಲ್ಲ. ಅಜ್ಜಿಯ ತಿಪ್ಪೆ ಏನು ಕೆಲಸ ಮಾಡುತ್ತಿತ್ತು ಎಂದು ನಾನು ಬಿಡಿಸಿ ಹೇಳಬೇಕಾಗಲಿಲ್ಲ.

ಬೆಕ್ಕು ಹೊರಳುವುದಂತೂ ನಿಜ. ಫ್ರಾನ್ಸಿನ ಎತಿಯೆನ್ ಜೂಲ್ ಮಾರೆ 1894ರಲ್ಲೇ ಬೀಳುವ ಬೆಕ್ಕಿನ ಸರಣಿ ಚಿತ್ರ ತೆಗೆದು ತೋರಿಸಿದ. ಒಳಗಿವಿಯ ಸಮತೋಲನದ ಅಂಗ ಮೇಲು ಕೆಳಗನ್ನು ತಿಳಿಸುತ್ತದೆ, ನಡು ಬಳುಕಿ ಮುಂಭಾಗ ಮೊದಲು, ಹಿಂಭಾಗ ನಂತರ ತಿರುಗುತ್ತದೆ. ಚಿಕ್ಕ ಮರಿಗಳಿಗೆ ಇದು ಹುಟ್ಟಿನಿಂದ ಬರುವುದಿಲ್ಲ, ಆರೇಳು ವಾರವಾದ ಮೇಲೆಯೇ ಪಕ್ಕಾ ಆಗುತ್ತದೆ. ಮರಿಗಳನ್ನು ಏಳು ಮನೆ ತಿರುಗಿಸುವ ತಾಯಿಬೆಕ್ಕು ನಿಮ್ಮ ಕಿಟಕಿಕಟ್ಟೆಯ ಮೇಲೂ ಇಟ್ಟೀತು, ನೋಡಿಕೊಳ್ಳಿ ಎಂದೆ. ಆದರೆ ಕಾಲ ಮೇಲೆ ಬೀಳುವುದು ಬೇರೆ, ಪೆಟ್ಟಾಗದಿರುವುದು ಬೇರೆ. ಕಾಲು ತಡೆಯಲಾರದಷ್ಟು ಪೆಟ್ಟು ಗದ್ದಕ್ಕೆ, ಅಂಗುಳಕ್ಕೆ, ಎದೆಗೆ ಹೋಗುತ್ತದೆ. ಪುಪ್ಪುಸದ ಗಾಯ ಹೊರಗೆ ಕಾಣುವುದಿಲ್ಲ.

ಪಾಠದ ನಿಜವಾದ ತಿರುವು ಮುಂದಿನ ಹಂತದಲ್ಲಿತ್ತು. ನ್ಯೂಯಾರ್ಕಿನ ಪ್ರಾಣಿ ಆಸ್ಪತ್ರೆಯೊಂದಕ್ಕೆ ಐದು ತಿಂಗಳಲ್ಲಿ ಬಂದ, ಎತ್ತರದ ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳ ವರದಿ 1987ರಲ್ಲಿ ಪ್ರಕಟವಾಯಿತು. ಚಿಕಿತ್ಸೆ ಪಡೆದವುಗಳಲ್ಲಿ ನೂರಕ್ಕೆ 90 ಬದುಕಿದವು. ಇದನ್ನು ಹಲಗೆಯ ಮೇಲೆ ಬರೆದು, “ಹಂಗಾದ್ರ ಚಿಂತಿಲ್ಲ, ಹೌದಲ್ಲ?” ಎಂದು ಕೇಳಿದೆ. ಕೆಲವರು ಹೌದೆಂದರು. ನಾನು ಸುಮ್ಮನೆ ನಿಂತೆ. ಮೊದಲ ಪಾಠದಲ್ಲಿ ನಾನು ಮಾಡದೇ ಹೋದ ಕೆಲಸ ಅದೊಂದೇ. ಸ್ವಲ್ಪ ಹೊತ್ತಿನ ಮೇಲೆ ಕಿಟಕಿ ಬದಿಯ ಹುಡುಗ ಹೇಳಿದ: “ಸತ್ತ ಬೆಕ್ಕು ಯಾರ್ ದವಾಖಾನಿಗೆ ಒಯ್ತಾರ್ರೀ?” ಅವನ ಪಕ್ಕದವನು, “ಏನೂ ಆಗದಿದ್ದದ್ದನ್ನೂ ಒಯ್ಯಂಗಿಲ್ಲ” ಎಂದ. ಲೆಕ್ಕದಲ್ಲಿ ಬಾರದ ಬೆಕ್ಕುಗಳು ಎಂದು ಹಲಗೆಯ ಬಲಬದಿಗೆ ಬರೆದೆ. ಆ 90 ಕೂಡ ಚಿಕಿತ್ಸೆ ಸಿಕ್ಕವುಗಳ ಲೆಕ್ಕ ಎಂದು ನೆನಪಿಸಿದ್ದು ಆ ಹುಡುಗಿ.

ಅನ್ವಯದ ಹಂತಕ್ಕೆ ಹತ್ತು ನಿಮಿಷ ಉಳಿದಿತ್ತು. ಕಿಟಕಿ ಮುಚ್ಚಿ ಎಂಬ ಸಲಹೆ ನಮ್ಮ ಜಿಲ್ಲೆಗೆ ಒಗ್ಗುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಲ್ಲಿ ರಾತ್ರಿ ಕಿಟಕಿ ಮುಚ್ಚಿ ಮಲಗುವವರು ಯಾರು? ಹಾಗಾಗಿ ತೆರೆದ ಕಿಟಕಿಯನ್ನೇ ಭದ್ರ ಮಾಡಬೇಕು. ಸೊಳ್ಳೆ ಪರದೆಯ ನೈಲಾನ್ ಬೆಕ್ಕಿಗೆ ತಡೆಯಲ್ಲ, ಉಗುರಿಗೆ ಹರಿಯುತ್ತದೆ, ಅಂಟುಪಟ್ಟಿ ಕಿತ್ತು ಬರುತ್ತದೆ. ಬೆಸುಗೆ ಹಾಕಿದ ತಂತಿ ಜಾಳಿಗೆ ಬೇಕು, ಚೌಕಟ್ಟಿಗೆ ತಿರುಪಿನಿಂದ ಬಿಗಿದಿರಬೇಕು, ಅಂಗೈಯಿಂದ ಜೋರಾಗಿ ನೂಕಿದರೂ ಅಲುಗಬಾರದು. ಕಬ್ಬಿಣದ ಸರಳಿದ್ದರೆ ಸಾಕೆಂದು ಹಲವರು ಅಂದುಕೊಂಡಿದ್ದರು. ಬೆಕ್ಕಿನ ಹೆಗಲೆಲುಬು ನಮ್ಮಂತೆ ಬಿಗಿದುಕೊಂಡಿಲ್ಲ. ತಲೆ ತೂರಿದ ಸಂದಿಯಲ್ಲಿ ಸಾಮಾನ್ಯವಾಗಿ ಮೈಯೂ ತೂರುತ್ತದೆ. ಜಾಳಿಗೆ ಹಾಕಿಸುವ ತನಕ ಜಾರುಕಿಟಕಿಯನ್ನು ಎರಡು ಬೆರಳಷ್ಟೇ ತೆರೆದು ಹಳಿಯಲ್ಲಿ ಕಟ್ಟಿಗೆಯ ತುಂಡು ಇಡಬಹುದು. ಮಂಚ, ಟ್ರಂಕುಗಳನ್ನು ಕಿಟಕಿಯಿಂದ ದೂರ ಸರಿಸಬೇಕು. ಸಜ್ಜಾದ ಮೇಲೆ ಪಾರಿವಾಳಕ್ಕೆ ಕಾಳು ಹಾಕಬಾರದು.

ಬಿದ್ದೇ ಬಿಟ್ಟರೆ? ನಡೆದಾಡಿದರೂ ಅಂದೇ ತಾಲ್ಲೂಕಿನ ಪಶು ಆಸ್ಪತ್ರೆಗೆ ಒಯ್ಯಬೇಕು, ತೋಳಲ್ಲಿ ಹಿಡಿದಲ್ಲ, ಬುಟ್ಟಿಯಲ್ಲೋ ರಟ್ಟಿನ ಪೆಟ್ಟಿಗೆಯಲ್ಲೋ ಅಲುಗದಂತೆ. ಏನು ಮಾಡಬೇಕೆಂದು ತಿಳಿಯದಿದ್ದರೆ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ ಕೇಳಬಹುದು. ಬಾಯಿ ತೆರೆದು ಉಸಿರಾಡುವ ಬೆಕ್ಕಿಗೆ ಹಾಲು, ನೀರು ಹಾಕಬಾರದು. ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಲೇಬಾರದು, ಬೆಕ್ಕಿಗೆ ಅದು ವಿಷ. ಈ ಕೊನೆಯ ಮಾತನ್ನು ಎಲ್ಲರಿಂದ ಎರಡು ಸಲ ಹೇಳಿಸಿದೆ.

ಯೋಜನೆಯನ್ನು ಉಳಿದ ಮೂರು ಊರುಗಳ ಗೆಳೆಯರಿಗೂ ಕಳಿಸಿದೆ. ಬಾಗೇವಾಡಿಯಲ್ಲಿ ವೆಲ್ಡಿಂಗ್ ಅಂಗಡಿಯವರ ಮಗನೊಬ್ಬ, ಜಾಳಿಗೆಯನ್ನು ಪೂರ್ತಿ ಬಿಗಿಯದೆ ಬಿಜಾಗರಿ ಹಾಕಿ ಒಳಗಿನಿಂದ ಚಿಲಕ ಇಡಬೇಕು, ಇಲ್ಲದಿದ್ದರೆ ಬೆಂಕಿ ಬಿದ್ದಾಗ ಮನೆಯವರೇ ಸಿಕ್ಕಿಬೀಳುತ್ತಾರೆ ಎಂದನಂತೆ. ನನಗೆ ಹೊಳೆದಿರಲಿಲ್ಲ, ಯೋಜನೆಗೆ ಸೇರಿಸಿದೆ. ಮುದ್ದೇಬಿಹಾಳದ ಗೆಳತಿ ಮಣ್ಣಿನ ಉಂಡೆಯ ಪ್ರಯೋಗವನ್ನಷ್ಟೇ ಮಾಡಿದಳು. ಇಂಡಿಯಲ್ಲಿ ಅವಧಿ ಸಿಗಲಿಲ್ಲ.

ಪಾಠ ವಿಮರ್ಶೆಯಲ್ಲಿ ನನಗೆ ಮೊದಲ ಪಾಠಕ್ಕಿಂತ ಎರಡು ಅಂಕ ಕಡಿಮೆ ಬಂದವು. ಸೂತ್ರದ ನಿಷ್ಪತ್ತಿ ಮುಗಿಯಲಿಲ್ಲ, ಸಮಯ ಆರು ನಿಮಿಷ ಮೀರಿತು ಎಂದು ಷರಾ. ಎರಡೂ ನಿಜ.

ಗೃಹಪಾಠ: ನಿಮ್ಮ ಮನೆಯ ಒಂದು ಕಿಟಕಿಯ ಚಿತ್ರ ಬರೆದು ನೆಲದಿಂದ ಎತ್ತರ, ಸರಳಿನ ಸಂದಿ, ಕೆಳಗಿರುವ ನೆಲದ ಬಗೆಯನ್ನು ಗುರುತಿಸಿ. ಆ ಹುಡುಗಿ ಎರಡು ಹಾಳೆ ತಂದಿದ್ದಳು. ಒಂದು ಅವರ ಮನೆಯದು, ಸಂದಿ 11 ಸೆಂಟಿಮೀಟರ್, ಕೆಳಗೆ ಕಾಂಕ್ರೀಟು. ಇನ್ನೊಂದು ಕೆಳಗಿನ ಅಂತಸ್ತಿನವರದು. ಅವರ ಮನೆಯಲ್ಲಿ ಮೂರು ಮರಿಗಳಿವೆಯಂತೆ, ಅಳತೆಪಟ್ಟಿ ಹಿಡಿದು ತಾನೇ ಹೋಗಿ ಅಳೆದು ಬಂದಿದ್ದಳು.