ಹಳೆಯ ಮೇಜಿಗೆ ಹೊಸ ಬಣ್ಣ

ನಿಮ್ಮ ಮನೆಗೆ ಗುಜರಿ ಅಂಗಡಿಯಿಂದ ಒಂದು ಹಳೆಯ ಮೇಜು ಬಂದಿದೆ ಎಂದುಕೊಳ್ಳಿ. ಕಾಲುಗಳು ಗಟ್ಟಿಯಾಗಿವೆ, ಒಳಗಿನ ಮರ ಚೆನ್ನಾಗಿದೆ. ಆದರೆ ಮೇಲಿನ ಹಸಿರು ಬಣ್ಣ ಅಲ್ಲಲ್ಲಿ ಬಿರುಕು ಬಿಟ್ಟು ಹಕ್ಕಳೆ ಹಕ್ಕಳೆಯಾಗಿ ಏಳುತ್ತಿದೆ. ಹಸಿರಿನ ಕೆಳಗೆ ಹಳದಿ, ಅದರ ಕೆಳಗೆ ಬಿಳಿ ಕಾಣುತ್ತಿದೆ. ಅಂದರೆ ಈ ಮೇಜು ಮೂರು ಸಲ ಬಣ್ಣ ಕಂಡಿದೆ. "ಭಾನುವಾರ ಉಜ್ಜಿ ಹೊಸ ಬಣ್ಣ ಹೊಡೆಯೋಣ" ಎನ್ನುತ್ತಾರೆ ಅಪ್ಪ. ನೀವು ಆಗಲೇ ಉಪ್ಪು ಕಾಗದ ಹಿಡಿದು ನಿಂತಿದ್ದೀರಿ. ಉಪ್ಪು ಕಾಗದ ಎಂದರೆ ಬಡಗಿಗಳು ಮರ ಉಜ್ಜುವ ಒರಟು ಕಾಗದ, ಸ್ಯಾಂಡ್ ಪೇಪರ್.

ಆ ಕಾಗದವನ್ನು ಸ್ವಲ್ಪ ಹೊತ್ತು ಕೆಳಗಿಡಿ. ಉಜ್ಜಲು ಹೊರಟಿರುವ ವಸ್ತು ಏನೆಂದು ಮೊದಲು ತಿಳಿಯೋಣ.

ಬಣ್ಣದ ಡಬ್ಬಿಯೊಳಗೆ ಮುಖ್ಯವಾಗಿ ಮೂರು ಬಗೆಯ ಪದಾರ್ಥಗಳಿರುತ್ತವೆ. ಒಂದು, ಬಣ್ಣ ಕೊಡುವ ನುಣ್ಣನೆಯ ಪುಡಿ. ಇದನ್ನು ವರ್ಣದ್ರವ್ಯ ಎನ್ನುತ್ತಾರೆ. ಎರಡು, ಆ ಪುಡಿಯನ್ನು ಹಿಡಿದಿಟ್ಟು ಮರಕ್ಕೆ ಅಂಟಿಸುವ ಬಂಧಕ. ಮೂರು, ಇವೆರಡನ್ನೂ ತೆಳುವಾಗಿಸಿ ಕುಂಚಕ್ಕೆ ಸುಲಭವಾಗಿಸುವ ದ್ರಾವಕ. ಬಣ್ಣದ ಅಂಗಡಿಯಲ್ಲಿ ಘಮ್ಮೆನ್ನುವ ಟರ್ಪೆಂಟೈನ್ ಇಂತಹ ಒಂದು ದ್ರಾವಕ.

ಈಗ ಒಂದು ಪ್ರಶ್ನೆ. ಒದ್ದೆ ಬಟ್ಟೆ ಒಣಗುವುದಕ್ಕೂ ಬಣ್ಣ ಒಣಗುವುದಕ್ಕೂ ವ್ಯತ್ಯಾಸವಿದೆಯೇ?

ಬಟ್ಟೆಯಲ್ಲಿರುವ ನೀರು ಆವಿಯಾಗಿ ಹೋಗುತ್ತದೆ. ಮತ್ತೆ ನೀರು ಹಾಕಿದರೆ ಬಟ್ಟೆ ಮತ್ತೆ ಒದ್ದೆ. ಆದರೆ ಒಣಗಿದ ಎನಾಮಲ್ ಬಣ್ಣಕ್ಕೆ ಎಷ್ಟು ಟರ್ಪೆಂಟೈನ್ ಸುರಿದರೂ ಅದು ಮತ್ತೆ ಡಬ್ಬಿಯಲ್ಲಿದ್ದ ಬಣ್ಣವಾಗುವುದಿಲ್ಲ. ಇನ್ನೊಂದು ಸಂಗತಿಯನ್ನೂ ಗಮನಿಸಿ. ಅರ್ಧ ಬಳಸಿ ಮುಚ್ಚಿಟ್ಟ ಡಬ್ಬಿಯನ್ನು ಕೆಲವು ತಿಂಗಳ ನಂತರ ತೆರೆದರೆ ಮೇಲೆ ಹಾಲಿನ ಕೆನೆಯಂತಹ ಪದರ ಕಟ್ಟಿರುತ್ತದೆ. ಕಡ್ಡಿಯಿಂದ ಅದನ್ನು ಎತ್ತಿದರೆ ಕೆಳಗಿನ ಬಣ್ಣ ಇನ್ನೂ ದ್ರವವಾಗಿಯೇ ಇರುತ್ತದೆ. ಮೇಲ್ಭಾಗ ಮಾತ್ರ ಏಕೆ ಗಟ್ಟಿಯಾಯಿತು?

ಉತ್ತರ ನಿಮ್ಮ ಅಡುಗೆಮನೆಯಲ್ಲಿದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಕುಸುಬಿ ಎಣ್ಣೆ ಬಳಸುತ್ತಾರೆ. ಆ ಎಣ್ಣೆಯ ಡಬ್ಬಿಯ ಬಾಯಿಯ ಸುತ್ತ, ಒಲೆಯ ಹಿಂದಿನ ಗೋಡೆಯ ಮೇಲೆ ಅಂಟಂಟಾದ ಕಂದು ಪದರ ಕಟ್ಟುವುದನ್ನು ನೋಡಿದ್ದೀರಾ? ಅದನ್ನು ತಿಕ್ಕಿ ತೆಗೆಯಲು ಅಮ್ಮ ಎಷ್ಟು ಕಷ್ಟಪಡುತ್ತಾರೆ ಎಂಬುದೂ ನಿಮಗೆ ಗೊತ್ತು. ಕೊಬ್ಬರಿ ಎಣ್ಣೆಯ ಸೀಸೆ ಹೀಗೆ ಅಂಟಾಗುವುದು ಅಪರೂಪ. ಎಣ್ಣೆಗಳ ಅಣುಗಳಲ್ಲಿ ಉದ್ದನೆಯ ಸರಪಳಿಗಳಿರುತ್ತವೆ. ಕೆಲವು ಎಣ್ಣೆಗಳ ಸರಪಳಿಯಲ್ಲಿ ಗಾಳಿಯ ಆಮ್ಲಜನಕವು ಬಂದು ಸೇರಿಕೊಳ್ಳಲು ಅನುಕೂಲವಾದ ಜಾಗಗಳು ಹೆಚ್ಚು. ಆಮ್ಲಜನಕ ಸೇರಿದಂತೆ ಒಂದು ಸರಪಳಿ ಪಕ್ಕದ ಸರಪಳಿಗೆ ಕೊಂಡಿ ಹಾಕಿಕೊಳ್ಳುತ್ತದೆ. ಹೀಗೆ ಕೊಂಡಿಗಳು ಹೆಚ್ಚಿದಾಗ ಹರಿಯುತ್ತಿದ್ದ ಎಣ್ಣೆ ಬಲೆಯಂತೆ ಹೆಣೆದುಕೊಂಡು ಗಟ್ಟಿಯಾಗುತ್ತದೆ. ಇದು ರಾಸಾಯನಿಕ ಬದಲಾವಣೆ. ಬಟ್ಟೆ ಒಣಗುವುದಾದರೋ ಬರಿಯ ಭೌತ ಬದಲಾವಣೆ.

ಇಂತಹ ಎಣ್ಣೆಗಳಿಗೆ ಒಣಗುವ ಎಣ್ಣೆಗಳು ಎಂದು ಹೆಸರು. ಅಗಸೆ ಎಣ್ಣೆ ಇವುಗಳಲ್ಲಿ ಪ್ರಸಿದ್ಧ. ನೀವು ರೊಟ್ಟಿಯ ಜೊತೆ ತಿನ್ನುವ ಅಗಸಿ ಹಿಂಡಿಯ ಅದೇ ಅಗಸೆ! ನೂರಾರು ವರ್ಷಗಳಿಂದ ಚಿತ್ರಕಾರರೂ ಬಡಗಿಗಳೂ ಅದನ್ನೇ ಬಂಧಕವಾಗಿ ಬಳಸಿದ್ದಾರೆ. ಇಂದಿನ ಎನಾಮಲ್ ಬಣ್ಣಗಳಲ್ಲಿ ಬರಿಯ ಎಣ್ಣೆಯ ಬದಲು ಎಣ್ಣೆಯಿಂದ ತಯಾರಿಸಿದ ಆಲ್ಕಿಡ್ ಎಂಬ ರಾಳ ಇರುತ್ತದೆ. ಅದೂ ಆಮ್ಲಜನಕ ಹೀರಿಯೇ ಗಟ್ಟಿಯಾಗುತ್ತದೆ. ಬಟ್ಟೆ ಒಣಗಿದಾಗ ಹಗುರವಾಗುತ್ತದೆ, ಅಗಸೆ ಎಣ್ಣೆ ಒಣಗುವಾಗ ಅದರ ತೂಕ ಹೆಚ್ಚುತ್ತದೆ ಎಂದರೆ ನಂಬುತ್ತೀರಾ? ಹೊರಗಿನಿಂದ ಆಮ್ಲಜನಕ ಬಂದು ಸೇರಿತಲ್ಲ, ಅದರ ತೂಕ ಅದು.

ಮಾಡಿ ನೋಡಿ: ಒಂದು ಹಳೆಯ ಟೈಲ್ಸ್ ತುಂಡಿನ ಮೇಲೆ ಅಗಸೆ, ಕುಸುಬಿ, ಶೇಂಗಾ ಮತ್ತು ಕೊಬ್ಬರಿ ಎಣ್ಣೆಯ ಒಂದೊಂದು ಹನಿ ಹಾಕಿ. ಬೆರಳಿನಿಂದ ಆದಷ್ಟು ತೆಳುವಾಗಿ ಸವರಿ. ಪ್ರತಿಯೊಂದರ ಪಕ್ಕ ಹೆಸರು ಬರೆಯಿರಿ. ಗಾಳಿ ಬೆಳಕು ಇರುವ, ಆದರೆ ದೂಳು ಬೀಳದ ಕಡೆ ಇಡಿ. ದಿನಕ್ಕೊಮ್ಮೆ ಪ್ರತಿ ಗುರುತಿನ ಅಂಚನ್ನು ಬೆರಳಿನಿಂದ ಮುಟ್ಟಿ, ಜಾರುತ್ತದೆಯೋ ಅಂಟುತ್ತದೆಯೋ ಒಣಗಿದೆಯೋ ಎಂದು ಬರೆದಿಡಿ. ಎರಡು ಮೂರು ವಾರ ತಾಳ್ಮೆ ಬೇಕು. ಯಾವುದು ಮೊದಲು ಒಣಗಿತು? ಯಾವುದು ಒಣಗಲೇ ಇಲ್ಲ?

ಈಗ ಮೇಜಿನ ಬಳಿಗೆ ಮರಳೋಣ. ಒಣಗಿದ ಬಣ್ಣ ನೀರಿನಲ್ಲಿ ಕರಗುವುದಿಲ್ಲ ಎಂದಾಯಿತು. ಹಾಗಾಗಿ ಎಲ್ಲರೂ ಉಜ್ಜುತ್ತಾರೆ. ಒಣಗಿದ ಬಣ್ಣವನ್ನು ಹಾಗೆಯೇ ಉಜ್ಜಿದರೆ ಬಂಧಕದ ಜೊತೆಗೆ ವರ್ಣದ್ರವ್ಯವೂ ಪುಡಿಯಾಗಿ ಹಾರುತ್ತದೆ. ಆ ಪುಡಿ ಯಾವುದು ಎಂಬುದೇ ಮುಖ್ಯ ಪ್ರಶ್ನೆ.

ಹಿಂದಿನ ಕಾಲದ ಅನೇಕ ವರ್ಣದ್ರವ್ಯಗಳು ಸೀಸದ ಸಂಯುಕ್ತಗಳು. ಬಿಳಿಗೆ ಸೀಸದ ಕಾರ್ಬೊನೇಟ್. ಕೇಸರಿ ಕೆಂಪಿಗೆ, ವಿಶೇಷವಾಗಿ ಕಬ್ಬಿಣಕ್ಕೆ ಮೊದಲು ಬಳಿಯುವ ಪ್ರೈಮರ್‌ಗೆ, ಸೀಸದ ಆಕ್ಸೈಡ್. ಹೊಳೆಯುವ ಹಳದಿಗೆ ಸೀಸದ ಕ್ರೋಮೇಟ್. ಈ ಹಳದಿಗೆ ನೀಲಿ ಬೆರೆಸಿದರೆ ಹಸಿರು. ನಮ್ಮ ಮೇಜಿನ ಮೂರೂ ಪದರಗಳ ಬಣ್ಣ ಈ ಪಟ್ಟಿಯಲ್ಲಿದೆ, ನೋಡಿದಿರಾ? ಸೀಸ ಬೆರೆತ ಬಣ್ಣ ಹೊಳಪಾಗಿತ್ತು, ಬೇಗ ಒಣಗುತ್ತಿತ್ತು, ಬಹಳ ಕಾಲ ಬಾಳುತ್ತಿತ್ತು. ಅದಕ್ಕೇ ಅದನ್ನು ಬಿಡಲು ಯಾರಿಗೂ ಮನಸ್ಸಿರಲಿಲ್ಲ.

ಆದರೆ ಸೀಸ ನಮ್ಮ ದೇಹಕ್ಕೆ ಯಾವ ಕೆಲಸಕ್ಕೂ ಬಾರದ ಲೋಹ. ಕಬ್ಬಿಣ ರಕ್ತಕ್ಕೆ ಬೇಕು, ಕ್ಯಾಲ್ಸಿಯಂ ಮೂಳೆಗೆ ಬೇಕು, ಸೀಸ ಯಾವುದಕ್ಕೂ ಬೇಡ. ದೇಹ ಅದನ್ನು ಕ್ಯಾಲ್ಸಿಯಂ ಎಂದು ತಪ್ಪು ತಿಳಿದು ಮೂಳೆ ಹಲ್ಲುಗಳಲ್ಲಿ ಕೂಡಿಡುತ್ತದೆ. ರಕ್ತದಲ್ಲಿ ಸುತ್ತುವ ಸೀಸ ಮಿದುಳಿನ ಬೆಳವಣಿಗೆಗೆ ಅಡ್ಡಿ ಮಾಡುತ್ತದೆ. ನೆನಪು, ಗಮನ, ಕಲಿಕೆ ಕುಂದುತ್ತವೆ, ರಕ್ತಹೀನತೆಯೂ ಬರಬಹುದು. ನುಂಗಿದ ಸೀಸದಲ್ಲಿ ದೊಡ್ಡವರ ದೇಹ ಹೀರುವುದಕ್ಕಿಂತ ಪುಟ್ಟ ಮಕ್ಕಳ ದೇಹ ನಾಲ್ಕೈದು ಪಟ್ಟು ಹೆಚ್ಚು ಹೀರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಷ್ಟು ಸೀಸವಿದ್ದರೆ ತೊಂದರೆಯಿಲ್ಲ ಎನ್ನಬಹುದಾದ ಸುರಕ್ಷಿತ ಮಟ್ಟವೇ ಇಲ್ಲವೆಂದೂ ಅದು ತಿಳಿಸಿದೆ. ನೆಲದ ಮೇಲೆ ಅಂಬೆಗಾಲಿಡುವ ತಮ್ಮನೋ ತಂಗಿಯೋ ನಿಮ್ಮ ಮನೆಯಲ್ಲಿದ್ದರೆ ಯೋಚಿಸಿ. ದೂಳು ನೆಲಕ್ಕೆ ಬೀಳುತ್ತದೆ, ಅಂಗೈ ನೆಲ ಮುಟ್ಟುತ್ತದೆ, ಆ ಕೈ ನೇರ ಬಾಯಿಗೆ ಹೋಗುತ್ತದೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ನಮ್ಮ ಮನೆಯ ಹಳೆಯ ತೊಟ್ಟಿಲಿಗೆ ಹೊಸ ಬಣ್ಣ ಬಳಿಯಲೆಂದು ಪಡಸಾಲೆಯಲ್ಲೇ ಕುಳಿತು ಒಣ ಕಾಗದದಿಂದ ಇಡೀ ಮಧ್ಯಾಹ್ನ ಉಜ್ಜಿದ್ದೆ. ಹಳದಿ ಪುಡಿ ಕಿಟಕಿಯ ಬಿಸಿಲಿನಲ್ಲಿ ತೇಲುತ್ತಿತ್ತು. ಆಗ ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಆಗಿತ್ತು. ಸೀಸದ ಕ್ರೋಮೇಟಿನ ಬಣ್ಣ ಹಳದಿ ಎಂದು ಪರೀಕ್ಷೆಯಲ್ಲಿ ಬರೆದಿದ್ದೆ. ಆದರೂ ಪ್ರಯೋಗಾಲಯದ ಹಳದಿಗೂ ತೊಟ್ಟಿಲಿನ ಹಳದಿಗೂ ಸಂಬಂಧವಿರಬಹುದು ಎಂದು ಹೊಳೆಯಲಿಲ್ಲ. ಮಗುವಿಗೆ ಏನೂ ಆಗಲಿಲ್ಲ ಎಂದು ಹೇಳಲು ನನ್ನ ಬಳಿ ಆಧಾರವಿಲ್ಲ, ರಕ್ತ ಪರೀಕ್ಷೆ ಮಾಡಿಸಿರಲಿಲ್ಲ.

ನಮ್ಮ ದೇಶದಲ್ಲಿ ಈ ವಿಷಯದ ಬಗ್ಗೆ ಬಹಳ ಹಿಂದೆಯೇ ಎಚ್ಚರಿಸಿದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಒಬ್ಬರು. ಮಕ್ಕಳ ರಕ್ತದಲ್ಲಿ ಸೀಸ ಎಷ್ಟಿದೆ ಎಂದು ಅಳೆಯುವ ಕೆಲಸದಲ್ಲಿ ಅವರು ತೊಡಗಿದ್ದರು. 2000ನೇ ಇಸವಿಯಲ್ಲಿ ದೇಶದಾದ್ಯಂತ ಪೆಟ್ರೋಲ್ ಸೀಸಮುಕ್ತವಾಯಿತು. ಬಣ್ಣದ ಸರದಿ ಬರಲು ಇನ್ನೂ ಹದಿನೇಳು ವರ್ಷ ಬೇಕಾಯಿತು. 2016ರಲ್ಲಿ ರೂಪಿಸಿದ ನಿಯಮಗಳು 2017ರ ನವೆಂಬರ್ 1ರಿಂದ ಜಾರಿಗೆ ಬಂದವು. ಇವುಗಳ ಪ್ರಕಾರ ಮನೆಗೆ ಬಳಸುವ ಬಣ್ಣದ ಹತ್ತು ಲಕ್ಷ ಭಾಗಗಳಲ್ಲಿ ಸೀಸ 90 ಭಾಗಗಳನ್ನು ಮೀರುವಂತಿಲ್ಲ. ಒಂದು ಕಿಲೋಗ್ರಾಂನಲ್ಲಿ ಹತ್ತು ಲಕ್ಷ ಮಿಲಿಗ್ರಾಂ. ಹಾಗಾದರೆ ಒಂದು ಕಿಲೋ ಒಣಗಿದ ಬಣ್ಣದಲ್ಲಿ ಹೆಚ್ಚೆಂದರೆ 90 ಮಿಲಿಗ್ರಾಂ ಸೀಸ. ಅದಕ್ಕೂ ಮೊದಲು ಪರೀಕ್ಷಿಸಿದ ಕೆಲವು ಹಳದಿ ಎನಾಮಲ್ ಬಣ್ಣಗಳಲ್ಲಿ ಹತ್ತು ಸಾವಿರ ಭಾಗಕ್ಕಿಂತಲೂ ಹೆಚ್ಚು ಸೀಸ ಸಿಕ್ಕಿತ್ತು. ಅಂದರೆ ಕಿಲೋಗೆ ಎಷ್ಟು ಗ್ರಾಂ? ನೀವೇ ಲೆಕ್ಕ ಹಾಕಿ.

ಒಂದು ಮೇಜಿನ ಬಣ್ಣದಲ್ಲಿ ಸೀಸವಿದೆಯೋ ಇಲ್ಲವೋ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಮೂಗಿಗೂ ತಿಳಿಯುವುದಿಲ್ಲ. ಆದ್ದರಿಂದ ಹಳೆಯ ಬಣ್ಣವಾದರೆ ಸೀಸವಿದೆ ಎಂದೇ ಭಾವಿಸಿ ಕೆಲಸ ಮಾಡುವುದು ಜಾಣತನ.

ಹೇಗೆ? ನೀರು ನಿಮ್ಮ ಸಹಾಯಕ್ಕೆ ಬರುತ್ತದೆ. ಒಣ ದೂಳು ಹಾರುತ್ತದೆ, ಒದ್ದೆ ದೂಳು ಕೆಸರಾಗಿ ಅಲ್ಲೇ ಕೂರುತ್ತದೆ. ಬೇಸಿಗೆಯಲ್ಲಿ ಅಂಗಳಕ್ಕೆ ನೀರು ಚಿಮುಕಿಸಿ ಗುಡಿಸುತ್ತಾರಲ್ಲ, ಅದೇ ತತ್ತ್ವ. ಮೇಜನ್ನು ಮನೆಯಿಂದ ಹೊರಗೆ, ಬಾವಿ ಮತ್ತು ಕೈತೋಟದಿಂದ ದೂರ ಇಡಿ. ಕೆಳಗೆ ಹಳೆಯ ಪ್ಲಾಸ್ಟಿಕ್ ಹಾಳೆ ಹಾಸಿ. ನೀರಿನಲ್ಲಿ ಉಜ್ಜಲೆಂದೇ ಬರುವ ಕಪ್ಪು ಕಾಗದ ಅಂಗಡಿಯಲ್ಲಿ ಸಿಗುತ್ತದೆ, ವಾಟರ್ ಪೇಪರ್ ಎಂದು ಕೇಳಿ. ಅದರ ಹಿಂಬದಿಯಲ್ಲಿ 120, 220, 320 ಎಂಬಂತೆ ಅಂಕಿ ಇರುತ್ತದೆ. ಅಂಕಿ ದೊಡ್ಡದಾದಷ್ಟು ಕಾಗದದ ಕಣ ಸಣ್ಣದು, ಉಜ್ಜಿದ ಮೈ ನುಣುಪು. ಉಜ್ಜುವುದು ದೊಡ್ಡವರ ಕೆಲಸ. ಅವರು ಎನ್-95 ಮುಖಗವಸು ಹಾಕಿಕೊಳ್ಳಲಿ, ಬಟ್ಟೆಯ ಗವಸು ಇಷ್ಟು ಸಣ್ಣ ಕಣಗಳನ್ನು ತಡೆಯದು. ನೀವು ಮತ್ತು ಪುಟ್ಟ ಮಕ್ಕಳು ಅಷ್ಟು ಹೊತ್ತು ದೂರವಿರಬೇಕು.

ಎಲ್ಲ ಬಣ್ಣವನ್ನೂ ಮರ ಕಾಣುವವರೆಗೆ ತೆಗೆಯಲೇಬೇಕೆಂದಿಲ್ಲ. ಎದ್ದ ಹಕ್ಕಳೆಗಳನ್ನು ಒದ್ದೆ ಮಾಡಿ ತೆಗೆದರೆ ಸಾಕು. ಗಟ್ಟಿಯಾಗಿ ಕುಳಿತ ಬಣ್ಣವನ್ನು ಹೊಳಪು ಹೋಗುವಷ್ಟು ಮಾತ್ರ ತಿಕ್ಕಿದರೆ ಹೊಸ ಬಣ್ಣಕ್ಕೆ ಹಿಡಿತ ಸಿಗುತ್ತದೆ. ಗಾಜಿನಂತಹ ನುಣುಪಿನ ಮೇಲೆ ಬಣ್ಣ ನಿಲ್ಲದು, ಸಣ್ಣ ಸಣ್ಣ ಗೀರುಗಳಿದ್ದರೆ ಅವುಗಳೊಳಗೆ ಇಳಿದು ಕಚ್ಚಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಪೊರಕೆ ಬೇಡ, ಒದ್ದೆ ಬಟ್ಟೆಯಿಂದ ಒರೆಸಬೇಕು. ಹಕ್ಕಳೆ, ಕೆಸರು, ಕಾಗದ ಎಲ್ಲವನ್ನೂ ಚೀಲದಲ್ಲಿ ಕಟ್ಟಬೇಕು. ತಿಪ್ಪೆಗೆ ಹಾಕಿದರೆ ಗೊಬ್ಬರದ ಜೊತೆ ಹೊಲ ಸೇರುತ್ತದೆ. ಉಜ್ಜಿದವರು ಉಣ್ಣುವ ಮೊದಲು ಕೈ ಮುಖ ತೊಳೆದು ಬಟ್ಟೆ ಬದಲಿಸಬೇಕು.

ಇನ್ನೊಂದು ಅಭ್ಯಾಸ ನನಗೆ ಉಜ್ಜುವುದಕ್ಕಿಂತಲೂ ಹೆಚ್ಚು ಭಯ ಹುಟ್ಟಿಸುತ್ತದೆ. ಮುರಿದ ಬಾಗಿಲು, ಕಿಟಕಿಗಳ ಬಣ್ಣದ ಕಟ್ಟಿಗೆಯನ್ನು ನೀರು ಕಾಯಿಸಲು ಬಚ್ಚಲ ಒಲೆಗೆ ಹಾಕುತ್ತಾರೆ. ಬಣ್ಣದಲ್ಲಿ ಸೀಸವಿದ್ದರೆ ಸ್ವಲ್ಪ ಹೊಗೆಯಲ್ಲಿ ಹೋಗುತ್ತದೆ, ಉಳಿದದ್ದು ಬೂದಿಯಲ್ಲಿ ನಿಲ್ಲುತ್ತದೆ. ಆ ಬೂದಿಯಿಂದಲೇ ಪಾತ್ರೆ ತಿಕ್ಕುವ ಮನೆಗಳಿವೆ. ನಿಮ್ಮ ಮನೆಯಲ್ಲಿ ಹೀಗೆ ನಡೆಯುತ್ತಿದ್ದರೆ ಅಜ್ಜಿಗೆ ಇಂದೇ ತಿಳಿಸಿ.

ಎಲ್ಲ ಹಳೆಯ ಪೀಠೋಪಕರಣಗಳಿಗೂ ಎನಾಮಲ್ ಬಣ್ಣವೇ ಇರುವುದಿಲ್ಲ. ಮರದ ಗೆರೆಗಳು ಕಾಣುವಂತೆ ಹೊಳೆಯುತ್ತಿದ್ದರೆ ಅದು ಅರಗಿನ ಪಾಲಿಶ್ ಇರಬಹುದು. ಅರಗು ಒಂದು ಪುಟ್ಟ ಕೀಟ ಮರದ ಕೊಂಬೆಯ ಮೇಲೆ ಸ್ರವಿಸುವ ರಾಳ. ಚನ್ನಪಟ್ಟಣದ ಬೊಂಬೆಗಳ ಹೊಳಪು ಅದರದ್ದೇ. ಚುನಾವಣೆಯ ಅಳಿಸಲಾಗದ ಶಾಯಿ ತಯಾರಿಸುವ ಮೈಸೂರಿನ ಕಾರ್ಖಾನೆ 1937ರಲ್ಲಿ ಆರಂಭವಾದದ್ದು ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಸ್ಪಿರಿಟ್ ಆವಿಯಾದರೆ ಮತ್ತೆ ಗಟ್ಟಿ. ಮತ್ತೆ ಸ್ಪಿರಿಟ್ ಸವರಿದರೆ ಮತ್ತೆ ಮೆತ್ತಗೆ. ಬಟ್ಟೆಯ ಹಾಗೆ! ಆದ್ದರಿಂದ ದೊಡ್ಡವರು ಮೇಜಿನ ಕೆಳಭಾಗದಲ್ಲಿ, ಬೆಂಕಿಯಿಂದ ದೂರದಲ್ಲಿ, ಹತ್ತಿಯಲ್ಲಿ ಸ್ವಲ್ಪ ಸ್ಪಿರಿಟ್ ತೆಗೆದುಕೊಂಡು ಒತ್ತಿದರೆ ಗೊತ್ತಾಗುತ್ತದೆ. ಅಂಟಾದರೆ ಅರಗು. ಅದನ್ನು ಉಜ್ಜುವ ಗೋಜೇ ಇಲ್ಲ, ಸ್ಪಿರಿಟ್ ಬಟ್ಟೆಯಿಂದ ಒರೆಸಿ ತೆಗೆಯಬಹುದು.

ಇನ್ನು ಹೊಸ ಬಣ್ಣ. ಕೊಳ್ಳುವಾಗ ಡಬ್ಬಿಯ ಮೇಲೆ ಸೀಸದ ಪ್ರಮಾಣ ಮುದ್ರಿಸಿದೆಯೇ ಎಂದು ನೀವೇ ಓದಿ. ಮೇಜು ಪೂರ್ತಿ ಒಣಗಲು ಒಂದೆರಡು ದಿನ ಬಿಡಿ. ಬೇಗ ಮುಗಿಯಲಿ ಎಂದು ಒಂದೇ ಸಲ ದಪ್ಪನಾಗಿ ಬಳಿದರೆ ಏನಾಗುತ್ತದೆ? ಡಬ್ಬಿಯ ಕೆನೆಯನ್ನು ನೆನಪಿಸಿಕೊಳ್ಳಿ. ಮೇಲ್ಪದರ ಆಮ್ಲಜನಕ ಹೀರಿ ಗಟ್ಟಿಯಾಗಿ, ಕೆಳಗಿನ ಪದರಕ್ಕೆ ಗಾಳಿ ಸಿಗದಂತೆ ಮುಚ್ಚಳವಾಗುತ್ತದೆ. ಒಳಗೆ ಹಸಿ, ಮೇಲೆ ಸುಕ್ಕು. ಆದ್ದರಿಂದ ತೆಳುವಾದ ಎರಡು ಮೂರು ಕೋಟು, ನಡುವೆ ಡಬ್ಬಿಯ ಮೇಲೆ ಹೇಳಿದಷ್ಟು ಕಾಲ ಬಿಡುವು.

ಅಗಸೆ ಎಣ್ಣೆ ಒರೆಸಿದ ಚಿಂದಿ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಆಮ್ಲಜನಕ ಸೇರುವಾಗ ಶಾಖ ಹೊರಬರುತ್ತದೆ. ಹರಡಿದ ಬಟ್ಟೆಯಿಂದ ಅದು ಗಾಳಿಗೆ ಹೋಗುತ್ತದೆ. ಮುದ್ದೆಯೊಳಗೆ ಸಿಕ್ಕಿಬಿದ್ದರೆ ಏರುತ್ತಾ ಹೋಗಿ, ಯಾರೂ ಕಡ್ಡಿ ಗೀರದೆಯೇ ಬಟ್ಟೆಗೆ ಬೆಂಕಿ ಹತ್ತಬಹುದು. ಅವುಗಳನ್ನು ಬಯಲಿನಲ್ಲಿ ಒಂದೊಂದಾಗಿ ಹರಡಿ ಒಣಗಿಸಬೇಕು, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಬೇಕು. ನಿಮ್ಮ ಟೈಲ್ಸ್ ಪ್ರಯೋಗದ ಎಣ್ಣೆ ಒರೆಸಿದ ಬಟ್ಟೆಗೂ ಇದೇ ಕ್ರಮ.