ಹನಿಗೆ ಹನಿ ಕೂಡಿದಾಗ: ಸಿಂಪರಣೆಯಲ್ಲಿ ದ್ರವದ ಸ್ನಿಗ್ಧತೆ

ಕಾಫಿ ಪುಡಿಯ ಪೊಟ್ಟಣದ ಮೇಲೆ ತಾರೀಖನ್ನು ಚುಕ್ಕಿ ಚುಕ್ಕಿಯಾಗಿ ಮುದ್ರಿಸಿರುವುದನ್ನು ಬೆಳೆಗಾರ ಬಂಧುಗಳು ನೋಡಿಯೇ ಇರುತ್ತೀರಿ. ಅಲ್ಲಿ ಅಚ್ಚುಮೊಳೆ ಪೊಟ್ಟಣವನ್ನು ಮುಟ್ಟುವುದಿಲ್ಲ. ಸೂಕ್ಷ್ಮ ರಂಧ್ರದಿಂದ ಶಾಯಿಯ ಹನಿಗಳು ಹಾರಿ ಬಂದು ಕೂರುತ್ತವೆ. ಅಡಿಕೆ ಗೊನೆಗೆ ಔಷಧ ಹೊಡೆಯುವುದೂ ಇದೇ ಜಾತಿಯ ಕೆಲಸ. ಪಕ್ಕಪಕ್ಕದಲ್ಲಿ ಬಿದ್ದ ಹನಿಗಳು ಕೂಡಿಕೊಳ್ಳುತ್ತವೆಯೋ, ಬೇರೆಯಾಗಿಯೇ ಉಳಿಯುತ್ತವೆಯೋ ಎಂಬುದರ ಮೇಲೆ ಎರಡರ ಫಲವೂ ನಿಂತಿದೆ.

ಎರಡು ಹನಿಗಳು ತಾಗಿದೊಡನೆ ಮೇಲ್ಮೈ ಸೆಳೆತವು ಅವನ್ನು ಒಂದೇ ಉಂಡೆಯಾಗಿಸಲು ಎಳೆಯುತ್ತದೆ. ಇದನ್ನು ನಿಧಾನಗೊಳಿಸುವುದು ಸ್ನಿಗ್ಧತೆ, ಎಂದರೆ ಹರಿಯುವುದಕ್ಕೆ ದ್ರವವು ಒಡ್ಡುವ ಒಳತಡೆ. ನೀರಿನ ಹನಿಗಳು ಕಣ್ಣು ಮಿಟುಕಿಸುವುದರೊಳಗೆ ಕೂಡುತ್ತವೆ, ಜೇನಿನವು ಸಾವಕಾಶವಾಗಿ. ಬಿಸಿಯೇರಿದಂತೆ ಸ್ನಿಗ್ಧತೆ ಇಳಿಯುತ್ತದೆ. ಚನ್ನಪಟ್ಟಣದ ಬೊಂಬೆ ಕೆಲಸಗಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತಿರುಗುವ ಹಾಲೆ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ಉಜ್ಜಿದ ಬಿಸಿಗೆ ಅರಗು ಮೆದುವಾಗಿ, ಗೆರೆಗೆ ಗೆರೆ ಕೂಡಿ ಒಂದೇ ಪದರವಾಗುತ್ತದೆ. ತಣಿದೊಡನೆ ಅಲ್ಲಿಯೇ ನಿಲ್ಲುತ್ತದೆ.

ಮುದ್ರಣದ ಶಾಯಿ ತೀರ ತೆಳುವಾದರೆ ಹನಿಗಳು ಕೂಡಿ ಹರಿದು ಗೆರೆ ಅಲ್ಲಲ್ಲಿ ಉಬ್ಬುತ್ತದೆ. ಮಂದವಾದರೆ ಕೂಡುವ ಮೊದಲೇ ಒಣಗಿ ಅಂಚು ಗರಗಸದಂತಾಗುತ್ತದೆ. ಅಲ್ಲಿ ಶಾಯಿಯ ಹದವನ್ನು ಯಂತ್ರವೇ ಕಾಯುತ್ತದೆ. ತೋಟದಲ್ಲಿ ಕಾಯಬೇಕಾದವರು ನಾವು.

ಕೊಳೆರೋಗಕ್ಕೆ ಬೋರ್ಡೋ ಸಿಂಪರಣೆಯನ್ನು ಮೈಸೂರು ಸಂಸ್ಥಾನದಲ್ಲಿ ರೂಢಿಗೆ ತಂದವರು ಲೆಸ್ಲಿ ಕೋಲ್ಮನ್. ಈ ರೋಗವನ್ನು ಕುರಿತ ಅವರ ವರದಿ ಪ್ರಕಟವಾದದ್ದು 1910ರಲ್ಲಿ. ಶೇಕಡಾ 1ರ ಈ ದ್ರಾವಣಕ್ಕೆ 100 ಲೀಟರ್ ನೀರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ. ಅದರ ಸ್ನಿಗ್ಧತೆ ಹೆಚ್ಚುಕಡಿಮೆ ನೀರಿನದೇ, ಆದುದರಿಂದ ಹನಿಗಳು ಬೇಗ ಕೂಡುತ್ತವೆ. ಇಲ್ಲಿ ಒಂದು ಲೆಕ್ಕವಿದೆ. ಸಮನಾದ 8 ಹನಿಗಳು ಕೂಡಿದರೆ ತೂಕ 8 ಪಟ್ಟಾಗುತ್ತದೆ, ಅಗಲ 2 ಪಟ್ಟು ಮಾತ್ರ. ಕಾಯಿಯ ಮೇಲೆ ಹನಿಗಿರುವ ಹಿಡಿತ ಹೆಚ್ಚುವುದು ಅಗಲಕ್ಕೆ ತಕ್ಕಂತೆ. ಆದ್ದರಿಂದ ದೊಡ್ಡ ಹನಿ ಜಾರುತ್ತದೆ, ಜಾರುವಾಗ ದಾರಿಯಲ್ಲಿದ್ದ ಚಿಕ್ಕವನ್ನೂ ಬಳಿದುಕೊಂಡು ಹೋಗುತ್ತದೆ. ಗೊನೆಯಿಂದ ತೊಟ್ಟಿಕ್ಕಲು ಆರಂಭವಾದ ಮೇಲೂ ಹೊಡೆಯುತ್ತಿದ್ದರೆ ಮೈಲುತುತ್ತದ ದುಡ್ಡು ಬುಡಕ್ಕೆ ಸುರಿದಂತೆ.

ಹಾಗಾದರೆ ಬೆಲ್ಲವನ್ನೋ ಗೋಂದನ್ನೋ ಕದಡಿ ಮಂದ ಮಾಡಿದರಾಗದೇ ಎಂದು ಕೇಳುವವರಿದ್ದಾರೆ. ಆಗದು. ಮಂದ ದ್ರವವು ಪಂಪಿನ ಮೂತಿಯಲ್ಲಿ ಸಣ್ಣಗೆ ಒಡೆಯದೆ ದಪ್ಪ ಹನಿಯಾಗಿಯೇ ಬೀಳುತ್ತದೆ. ರಾಳ ಮತ್ತು ಸೋಡದ ಅಂಟನ್ನು ಬೆರೆಸುವ ಉದ್ದೇಶವೇ ಬೇರೆ: ಒಣಗಿದ ಮೇಲೆ ಮಳೆಗೆ ತೊಳೆದುಹೋಗದಿರಲಿ ಎಂದು. ಸಾಬೂನಿನದು ಮತ್ತೊಂದು ಗುಣ. ಅದು ಮೇಲ್ಮೈ ಸೆಳೆತವನ್ನು ತಗ್ಗಿಸಿ ಹನಿಯನ್ನು ಹರಡಿಸುತ್ತದೆ. ಅಂಗಡಿಯಲ್ಲಿ ಎರಡಕ್ಕೂ ಒಂದೇ ಹೆಸರು ಹೇಳುವುದುಂಟು, ವಿಚಾರಿಸಿ ಕೊಳ್ಳಿ.

ಹನಿ ಅತಿ ಸಣ್ಣದಾದರೂ ಕಷ್ಟವೇ. ಮಿಲಿಮೀಟರಿನ ಹತ್ತನೇ ಒಂದರಷ್ಟಿರುವ ಹನಿ 10 ಮೀಟರ್ ಎತ್ತರದಿಂದ ನೆಲ ಸೇರಲು 30 ಸೆಕೆಂಡಿಗೂ ಮೀರಿ ಹಿಡಿಯುತ್ತದೆ. ಗಂಟೆಗೆ 7 ಕಿಲೋಮೀಟರಿನ ಮಂದಗಾಳಿಯೇ ಅಷ್ಟರಲ್ಲಿ ಅದನ್ನು 60 ಮೀಟರಿನಾಚೆ ಒಯ್ಯಬಲ್ಲದು. ರಾಮನಗರ, ಕನಕಪುರ, ಮಾಗಡಿ ಕಡೆಗಳಲ್ಲಿ ಬೇಲಿಯಾಚೆ ಹಿಪ್ಪುನೇರಳೆ ಇರುವುದು ಸಾಮಾನ್ಯ. ಕೀಟನಾಶಕ ಸೋಕಿದ ಸೊಪ್ಪು ತಿಂದರೆ ಪಕ್ಕದವರ ಹುಳುವಿನ ಬೆಳೆಯೇ ಹೋದೀತು. ಅಂಥಲ್ಲಿ ಗಾಳಿ ನಿಂತ ಬೆಳಗಿನ ಹೊತ್ತಿನಲ್ಲಿ, ನೆರೆಯವರಿಗೆ ಮುಂಚಿತವಾಗಿ ತಿಳಿಸಿ, ಸ್ವಲ್ಪ ದಪ್ಪ ಹನಿ ಬರುವ ಮೂತಿಯಿಂದ ಹೊಡೆಯತಕ್ಕದ್ದು.