ಜನಾರೋಗ್ಯ ಸಂಶೋಧಕರ ವಿದೇಶ ವ್ಯಾಸಂಗಕ್ಕೆ ಹಣ ಒದಗುವ ಬಗೆ

ವೈದ್ಯನೂ ಜನಾರೋಗ್ಯ ಸಂಶೋಧಕನೂ ಒಂದೇ ಮರದ ಎರಡು ಕೊಂಬೆಗಳಂತೆ ಇರತಕ್ಕವರು. ಒಂದು ಊರಿನಲ್ಲಿ ವಾಂತಿಭೇದಿಯು ತಲೆದೋರಿತೆಂದು ಭಾವಿಸಿರಿ. ವೈದ್ಯನು ಹಾಸಿಗೆ ಹಿಡಿದವನ ಬಳಿಗೆ ಹೋಗಿ ಔಷಧ ಕೊಡುತ್ತಾನೆ. ಸಂಶೋಧಕನಾದರೋ ಯಾವ ಓಣಿಯಲ್ಲಿ ಎಷ್ಟು ಮನೆಗಳಿಗೆ ಬೇನೆ ತಗುಲಿತು, ಆ ಮನೆಯವರು ಎಲ್ಲಿಯ ನೀರು ಕುಡಿದರು, ಬೇನೆ ಬಾರದ ಮನೆಯವರು ಎಲ್ಲಿಯ ನೀರು ಕುಡಿದರು ಎಂಬುದನ್ನೆಲ್ಲ ಎಣಿಸಿ ಬರೆದುಕೊಂಡು, ಬೇನೆಯ ಮೂಲವನ್ನೇ ಹುಡುಕಿ ತೆಗೆಯುತ್ತಾನೆ. ಒಬ್ಬನು ರೋಗಿಯನ್ನು ಕಾಯುತ್ತಾನೆ. ಇನ್ನೊಬ್ಬನು ಊರನ್ನು ಕಾಯುತ್ತಾನೆ.

ಇವರಲ್ಲಿ ಎರಡನೆಯವನಿಗೆ ಹಣ ಕೊಡುವವರಾರು? ಗುಣ ಹೊಂದಿದ ರೋಗಿಯು ವೈದ್ಯನಿಗೆ ಸಂತೋಷದಿಂದ ಫೀಸು ಕೊಡುತ್ತಾನೆ. ಆದರೆ ಬೇನೆಯು ಬಾರದಂತೆ ತಡೆದವನಿಗೆ ಫೀಸು ಕೊಡುವವರಿಲ್ಲ. ತನಗೆ ಬರಬೇಕಾಗಿದ್ದ ರೋಗವು ಬಾರದೆ ಹೋಯಿತೆಂಬುದು ಯಾರ ಅರಿವಿಗೂ ಬರುವುದೇ ಇಲ್ಲ. ಆದುದರಿಂದ ಈ ವಿದ್ಯೆಯನ್ನು ಕಲಿಯುವವರಿಗೆ, ಅದರಲ್ಲಿಯೂ ಪರದೇಶಕ್ಕೆ ಹೋಗಿ ಉಚ್ಚ ತರಬೇತಿ ಪಡೆಯುವವರಿಗೆ, ಸರಕಾರದ ಅಥವಾ ಧರ್ಮಸಂಸ್ಥೆಗಳ ಹಣವೇ ಆಧಾರವಾಗಿದೆ. ಅಂತಹ ಹಣವು ಒದಗಿದ ನಾಲ್ಕು ಬಗೆಗಳನ್ನು ಇಲ್ಲಿ ವಿವರಿಸುವೆನು.

ಮೊದಲನೆಯದು ಮರಳಿಸತಕ್ಕ ಸಾಲ. ಜಮ್ಶೇಟ್‌ಜಿ ಟಾಟಾ ಅವರು 1892ರಲ್ಲಿ ಭಾರತೀಯರ ವಿದೇಶ ವ್ಯಾಸಂಗಕ್ಕಾಗಿ ಒಂದು ನಿಧಿಯನ್ನು ಸ್ಥಾಪಿಸಿದರು. ಅದರ ನೆರವು ಪಡೆದ ಮೊದಲಿಗರಲ್ಲಿ ಫ್ರೇನಿ ಕಾಮಾ ಮತ್ತು ಕೊಲ್ಹಾಪುರದ ಕೃಷ್ಣಾಬಾಯಿ ಕೇಳವಕರ ಎಂಬ ಇಬ್ಬರು ವೈದ್ಯ ಮಹಿಳೆಯರಿದ್ದರು. ಹೆಣ್ಣುಮಕ್ಕಳು ಶಾಲೆಯ ಹೊಸ್ತಿಲು ಮೆಟ್ಟುವುದೇ ವಿರಳವಾಗಿದ್ದ ಕಾಲವದು ಎಂಬುದನ್ನು ನಮ್ಮ ವಿದ್ಯಾರ್ಥಿನಿಯರು ಗಮನಿಸಬೇಕು. ಈ ನಿಧಿಯು ಕೊಡುವುದು ದಾನವನ್ನಲ್ಲ, ಸಾಲವನ್ನು. ಕಲಿತು ಗಳಿಸುವಂತಾದವನು ಮರಳಿಸಿದ ಹಣವು ಮುಂದಿನವನ ದಾರಿಖರ್ಚಾಗುತ್ತದೆ. ಬಿತ್ತನೆಯ ಬೀಜವನ್ನು ಕಡ ತಂದ ರೈತನು ಸುಗ್ಗಿಯಲ್ಲಿ ಅಳೆದು ಹಿಂದಕ್ಕೆ ಕೊಡುವಂತೆಯೇ ಇದು.

ಎರಡನೆಯದು ಫೆಲೋಷಿಪ್ ಎನ್ನುವ ವೇತನ. 1913ರಲ್ಲಿ ಅಮೆರಿಕೆಯಲ್ಲಿ ಸ್ಥಾಪಿತವಾದ ರಾಕೆಫೆಲ್ಲರ್ ಪ್ರತಿಷ್ಠಾನವು ಈ ಪದ್ಧತಿಯನ್ನು ವಿಸ್ತಾರವಾಗಿ ನಡೆಸಿತು. ಅದು ಮೊದಲು ಕಲಿಸುವ ಶಾಲೆಗಳನ್ನೇ ಕಟ್ಟಿಸಿತು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜನಾರೋಗ್ಯ ಶಾಲೆಯು 1916ರಲ್ಲಿ ಅದರ ಹಣದಿಂದ ಹುಟ್ಟಿತು. 1929ರಲ್ಲಿ ತೆರೆದ ಲಂಡನ್ನಿನ ಜನಾರೋಗ್ಯ ಶಾಲೆಯ ಕಟ್ಟಡಕ್ಕೂ ಅದೇ ಪ್ರತಿಷ್ಠಾನವು ಹಣ ಕೊಟ್ಟಿತು. ತರುವಾಯ ಹಲವು ದೇಶಗಳ ತರುಣ ವೈದ್ಯರನ್ನು ಆರಿಸಿ ಇಂತಹ ಶಾಲೆಗಳಿಗೆ ಕಳುಹಿಸಿತು. ಇಲ್ಲಿ ಒಂದು ಜಾಣ್ಮೆಯಿತ್ತು. ಕಲಿತವನು ಸ್ವದೇಶಕ್ಕೆ ಮರಳಿದಾಗ ಅವನಿಗೆ ತಕ್ಕ ಹುದ್ದೆಯು ಕಾದಿರಬೇಕೆಂದು ಪ್ರತಿಷ್ಠಾನವು ಬಯಸುತ್ತಿತ್ತು. ಹುದ್ದೆಯಿಲ್ಲದ ವಿದ್ಯೆಯು ಕಾಲುವೆಯಿಲ್ಲದ ಕೆರೆಯಂತೆ ನಿಂತಲ್ಲಿಯೇ ನಿಲ್ಲುತ್ತದೆಂಬುದು ಅದಕ್ಕೆ ತಿಳಿದಿತ್ತು. ಕಲಿಯುವುದಕ್ಕೆ ಎಲ್ಲರೂ ಸಮುದ್ರ ದಾಟಬೇಕಾಗಬಾರದೆಂದು ಸ್ವದೇಶದಲ್ಲಿ ಸಂಸ್ಥೆಗಳನ್ನು ಕಟ್ಟುವುದಕ್ಕೂ ಅದು ನೆರವಾಯಿತು. ಕಲ್ಕತ್ತೆಯ ಅಖಿಲ ಭಾರತ ಆರೋಗ್ಯ ಮತ್ತು ಜನಾರೋಗ್ಯ ಸಂಸ್ಥೆಯು 1932ರಲ್ಲಿ ಹೀಗೆ ತಲೆಯೆತ್ತಿತು. ಹಳೆಯ ಮೈಸೂರು ಸಂಸ್ಥಾನದಲ್ಲಿಯೂ ಈ ಪ್ರತಿಷ್ಠಾನದ ತಜ್ಞರು ಮಲೇರಿಯಾ ನಿವಾರಣೆಯ ಅಧ್ಯಯನದಲ್ಲಿ ತೊಡಗಿದ್ದರು.

ಮೂರನೆಯದು ಊರಿನ ಧರ್ಮಸಂಸ್ಥೆಯ ನೆರವು. ಇದಕ್ಕೆ ಉದಾಹರಣೆಯು ನಮ್ಮ ಆಂಧ್ರದಲ್ಲಿಯೇ ಇದೆ. 1895ರಲ್ಲಿ ಭೀಮವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ಇಬ್ಬರು ಸಹೋದರರು ಸ್ಪ್ರೂ ಎಂಬ ಕರುಳಿನ ಬೇನೆಯಿಂದ ತೀರಿಕೊಂಡರು. ಆ ದುಃಖವು ಅವರನ್ನು ವೈದ್ಯಶಾಸ್ತ್ರದ ಕಡೆಗೆ ದೃಢವಾಗಿ ತಿರುಗಿಸಿತು. ಮದರಾಸಿನಲ್ಲಿ ಓದುವಾಗ ಖಾದಿ ಧರಿಸಿ ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕರ ಅಸಮಾಧಾನಕ್ಕೆ ಗುರಿಯಾದುದರಿಂದ ಅವರಿಗೆ ಪೂರ್ಣ ಪದವಿಯ ಬದಲು ಎಲ್.ಎಂ.ಎಸ್. ಪ್ರಮಾಣಪತ್ರ ಮಾತ್ರ ದೊರೆಯಿತು. ಆದರೂ ಎದೆಗುಂದದೆ, ಹಾರ್ವರ್ಡಿನ ಉಷ್ಣವಲಯ ವೈದ್ಯಶಾಲೆಯಲ್ಲಿ ಕಲಿಯಬೇಕೆಂದು ಹಂಬಲಿಸಿದರು. ಕಾಕಿನಾಡದ ಮಲ್ಲಾಡಿ ಸತ್ಯಲಿಂಗಂ ನಾಯಕರ ಧರ್ಮಸಂಸ್ಥೆಯು ಕೊಟ್ಟ ಭರವಸೆ, ಮಾವನವರು ಕೂಡಿಸಿಕೊಟ್ಟ ಹಣ, ಇವೆರಡರ ಬಲದಿಂದ ಅವರು 1920ರ ದಶಕದ ಆದಿಯಲ್ಲಿ ಬಾಸ್ಟನ್ ನಗರವನ್ನು ಸೇರಿದರು. ಅಲ್ಲಿ ವಿದ್ಯಾರ್ಥಿವೇತನವಿರಲಿಲ್ಲ. ಹೊಟ್ಟೆಪಾಡಿಗಾಗಿ ಅವರು ಒಂದು ಆಸ್ಪತ್ರೆಯಲ್ಲಿ ರಾತ್ರಿಯ ಜವಾನನ ಕೆಲಸ ಮಾಡಿದರು.

ಆ ಭರವಸೆಯ ಫಲವೇನೆಂಬುದನ್ನು ನೋಡಿರಿ. ರಕ್ತದಲ್ಲಿರುವ ರಂಜಕಾಂಶವನ್ನು ಅಳೆಯುವ ಫಿಸ್ಕೆ–ಸುಬ್ಬರಾವ್ ವಿಧಾನವು 1925ರಲ್ಲಿ ಪ್ರಕಟವಾಯಿತು. ಮುಂದೆ ಅವರು ಲೆಡರ್ಲೆ ಪ್ರಯೋಗಾಲಯದಲ್ಲಿ ನಡೆಸಿದ ತಂಡದವರು 1945ರ ಹೊತ್ತಿಗೆ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿದರು. ಸಹೋದರರನ್ನು ಕೊಂಡೊಯ್ದ ಸ್ಪ್ರೂ ಬೇನೆಯಲ್ಲಿ ಉಂಟಾಗುವ ರಕ್ತಹೀನತೆಗೆ ಈ ವಸ್ತುವೇ ಮದ್ದಾಯಿತು. 1947ರಲ್ಲಿ ಆನೆಕಾಲು ರೋಗದ ಡೈಈಥೈಲ್‌ಕಾರ್ಬಮಜೀನ್ ಔಷಧವು ಅದೇ ಪ್ರಯೋಗಾಲಯದಿಂದ ಹೊರಬಂದಿತು. ಗರ್ಭಿಣಿಯರಿಗೆ ಕಬ್ಬಿಣಾಂಶದೊಡನೆ ಕೊಡುವ ಗುಳಿಗೆಯಲ್ಲಿ ಫೋಲಿಕ್ ಆಮ್ಲವಿದೆ. ಆನೆಕಾಲು ರೋಗದ ನಿವಾರಣೆಗಾಗಿ ನಮ್ಮ ದೇಶದಲ್ಲಿ 2004ರಿಂದ ಜಿಲ್ಲೆಜಿಲ್ಲೆಗಳಲ್ಲಿ ಹಂಚಿದ ಗುಳಿಗೆಯೂ ಆ ಔಷಧದ್ದೇ.

ಆದರೆ ಈ ಕಥೆಗೆ ಇನ್ನೊಂದು ಮಗ್ಗುಲೂ ಉಂಟು. ಸುಬ್ಬರಾವ್ ಅವರು ಸ್ವದೇಶಕ್ಕೆ ಮರಳಲೇ ಇಲ್ಲ. 1948ರಲ್ಲಿ ಅಮೆರಿಕೆಯಲ್ಲಿಯೇ ನಿಧನರಾದರು. ಅವರ ಪತ್ನಿ ಇಲ್ಲಿಯೇ ಉಳಿದರು. ವಿದ್ಯೆಯ ಫಲವು ಗುಳಿಗೆಯ ರೂಪದಲ್ಲಿ ನಮಗೆ ಮರಳಿತು, ವಿದ್ಯಾವಂತನು ಮರಳಲಿಲ್ಲ. ಇದನ್ನು ಅವರ ದೋಷವೆಂದು ಎಣಿಸುವುದು ಸಲ್ಲದು. ಅವರ ಮಟ್ಟದ ಕೆಲಸಕ್ಕೆ ತಕ್ಕ ಪ್ರಯೋಗಾಲಯಗಳು ಆ ಕಾಲದಲ್ಲಿ ಇಲ್ಲಿ ಎಷ್ಟಿದ್ದುವು? ಕಳುಹಿಸುವುದಕ್ಕೆ ಹಣ ಕೂಡಿಸಿದರೆ ಸಾಲದು, ಮರಳಿ ಬಂದವನು ಕುಳಿತು ಕೆಲಸ ಮಾಡುವ ಮಣೆಯನ್ನೂ ಹಾಕಿಡಬೇಕೆಂಬ ಪಾಠವನ್ನು ಇದರಿಂದ ಕಲಿಯತಕ್ಕದ್ದು.

ಈ ಪಾಠವನ್ನು ಮನಗಂಡು ನಡೆಸಿದುದೇ ನಾಲ್ಕನೆಯ ಬಗೆ. ಅಮೆರಿಕೆಯ ಜಾನ್ ಫೋಗರ್ಟಿ ಎಂಬವರು ಮೊದಲು ಇಟ್ಟಿಗೆ ಕಟ್ಟುವ ಗೌಂಡಿಯಾಗಿದ್ದು, ಅನಂತರ ಶಾಸನಸಭೆಗೆ ಆರಿಸಿ ಬಂದು, ಆರೋಗ್ಯ ಸಂಶೋಧನೆಗೆ ಸರಕಾರದ ಹಣವನ್ನು ದೊರಕಿಸುವುದರಲ್ಲಿ ಜೀವಮಾನವನ್ನು ಸವೆಸಿದರು. ಅವರ ಹೆಸರಿನಲ್ಲಿ 1968ರಲ್ಲಿ ಒಂದು ಅಂತರರಾಷ್ಟ್ರೀಯ ಕೇಂದ್ರವು ಸ್ಥಾಪಿತವಾಯಿತು. 1988ರಲ್ಲಿ ಅದು ಏಡ್ಸ್ ರೋಗದ ಸಂಶೋಧಕರಿಗಾಗಿ ಆರಂಭಿಸಿದ ಯೋಜನೆಯಲ್ಲಿ ವಿದೇಶದ ವಿಶ್ವವಿದ್ಯಾಲಯವೂ ಸ್ವದೇಶದ ಸಂಸ್ಥೆಯೂ ಜೊತೆಗೂಡಿ ತರಬೇತಿ ಕೊಡುವ ಏರ್ಪಾಡಿತ್ತು. ವಿದ್ಯಾರ್ಥಿಯು ಅಲ್ಲಿ ವಿಧಾನವನ್ನು ಕಲಿಯುತ್ತಿದ್ದನು, ತನ್ನ ನಾಡಿನ ರೋಗವನ್ನೇ ಸಂಶೋಧನೆಯ ವಿಷಯವಾಗಿ ಆರಿಸಿಕೊಳ್ಳುತ್ತಿದ್ದನು. ಮನಸ್ಸು ಊರಿನ ಪ್ರಶ್ನೆಯಲ್ಲಿಯೇ ನೆಟ್ಟಿರುವಾಗ ಕಾಲುಗಳೂ ಊರಿನ ಕಡೆಗೆ ತಿರುಗುವುದು ಸುಲಭ. ನಮ್ಮ ದೇಶದಲ್ಲಿಯೂ ಮನೆಯ ಮಣೆಯು ಸಿದ್ಧವಾಗುತ್ತ ಬಂದಿದೆ. ತಿರುವನಂತಪುರದಲ್ಲಿ 1997ರಲ್ಲಿ ಜನಾರೋಗ್ಯದ ಸ್ನಾತಕೋತ್ತರ ಶಿಕ್ಷಣವು ಮೊದಲಾಯಿತು. 2008ರಲ್ಲಿ ಭಾರತ ಸರಕಾರದ ಜೈವಿಕ ತಂತ್ರಜ್ಞಾನ ಇಲಾಖೆಯೂ ಲಂಡನ್ನಿನ ವೆಲ್‌ಕಮ್ ನ್ಯಾಸವೂ ಕೂಡಿ, ಸಂಶೋಧಕರು ಭಾರತದಲ್ಲಿಯೇ ಕೆಲಸ ಮಾಡಲೆಂದು ಫೆಲೋಷಿಪ್‌ಗಳನ್ನು ಕೊಡತೊಡಗಿದುವು.

ಇಷ್ಟೆಲ್ಲವೂ ಈ ಗಡಿನಾಡಿನ ನಮಗೇಕೆ ಎಂದು ಪಾಲಕರು ಕೇಳಬಹುದು. ನಮ್ಮ ಅನಂತಪುರ ಜಿಲ್ಲೆಯ ಹಲವು ಊರುಗಳ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶವು ಮಿತಿಮೀರಿರುವುದು ತಿಳಿದ ಸಂಗತಿ. ಮಕ್ಕಳ ಹಲ್ಲಿನ ಕಂದು ಕಲೆ, ಹಿರಿಯರ ಬಗ್ಗದ ಬೆನ್ನು, ಇವು ಅದರ ಗುರುತುಗಳು. ನಮ್ಮ ದೇಶದಲ್ಲಿ ಈ ಬೇನೆಯು ಮೊಟ್ಟಮೊದಲು ನೆಲ್ಲೂರು ಜಿಲ್ಲೆಯಲ್ಲಿ 1937ರಲ್ಲಿ ವರದಿಯಾಯಿತು. ಯಾವ ಊರಿನ ನೀರು ಎಷ್ಟು ಕೆಟ್ಟಿದೆ, ಶುದ್ಧೀಕರಣ ಯಂತ್ರವು ಯಾವ ಓಣಿಯ ಬಡವನಿಗೆ ನಿಲುಕದು ಎಂಬುದನ್ನು ಶಾಸ್ತ್ರೀಯವಾಗಿ ಶೋಧಿಸತಕ್ಕವರು ಹೊರಗಿನಿಂದಲೇ ಬರಬೇಕೇ? ಮನೆಮನೆಯ ಜಗಲಿಯ ಮೇಲೆ ಕುಳಿತು ಅಜ್ಜಿಯರನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಕೇಳಿ ತಿಳಿಯಬಲ್ಲ ನಮ್ಮ ಮಕ್ಕಳಿಗಿಂತ ಯೋಗ್ಯರು ಯಾರು?

ಕನ್ನಡದಲ್ಲಿ ಓದಿದವನು ಪರದೇಶಕ್ಕೆ ಸಲ್ಲನೆಂಬ ಭಯವನ್ನು ಬಿಡಿರಿ. ಇಂಗ್ಲಿಷನ್ನು ಶ್ರದ್ಧೆಯಿಂದ ಕಲಿಯಬೇಕು, ಗಣಿತವನ್ನು ಅದಕ್ಕಿಂತಲೂ ಶ್ರದ್ಧೆಯಿಂದ ಕಲಿಯಬೇಕು. ರೋಗದ ಲೆಕ್ಕವೇ ಈ ಶಾಸ್ತ್ರದ ಬೆನ್ನೆಲುಬು. ಕಂಡುದನ್ನು ಕಂಡಂತೆ ಬರೆದಿಡುವ ಅಭ್ಯಾಸವನ್ನು ಮಾತೃಭಾಷೆಯಲ್ಲಿಯೇ ಬೆಳೆಸಿಕೊಳ್ಳಬಹುದು. ಪಾಲಕರಲ್ಲಿ ನನ್ನ ವಿನಂತಿಯು ಇಷ್ಟೇ: ದೊಡ್ಡ ನಿಧಿಗಳು ಕೊಡುವುದು ಕೊನೆಯ ಮೆಟ್ಟಿಲಿಗೆ, ಮೊದಲ ಮೆಟ್ಟಿಲುಗಳಿಗೆ ಹಣ ಕೊಡತಕ್ಕವರು ನಾವು. ನಮ್ಮ ಸಂಘದ ಪೆಟ್ಟಿಗೆಗೆ ಬೀಳುವ ನೂರು ರೂಪಾಯಿಯಿಂದ ಯಾರೂ ಸಮುದ್ರ ದಾಟಲಾರರು. ಆದರೆ ಹತ್ತನೆಯ ತರಗತಿಯ ಬಳಿಕ ಓದು ನಿಲ್ಲಿಸಬೇಕಾದ ಒಬ್ಬ ಹುಡುಗಿಯು ಆ ಹಣದಿಂದ ವಿಜ್ಞಾನದ ಪುಸ್ತಕ ಕೊಂಡು ಕಾಲೇಜಿನ ಬಾಗಿಲು ದಾಟಬಲ್ಲಳು. ಆ ಬಾಗಿಲನ್ನು ದಾಟದವಳು ಮುಂದಿನ ಸಮುದ್ರವನ್ನು ದಾಟುವುದೆಂತು?